ಶೇ. 3 ಕಮಿಷನ್ ಅಗ್ಗ, ಶೇ. 15 ದುಬಾರಿ: ಈ ಲೆಕ್ಕ ಎಷ್ಟು ನಿಜ?

“ಮೇಲಿನ ಮಹಡಿಯ ಎರಡು ರೂಮು ಖಾಲಿ ಬಿದ್ದಿವೆ, ಆ್ಯಪ್‌ಗೆ ಹಾಕಿಬಿಡೋಣ.” ಕಾಡುಗೋಡಿ, ಹೂಡಿ, ಬೊಮ್ಮಸಂದ್ರ, ನಾಗಸಂದ್ರದ ಕಡೆ ಮನೆ ಕಟ್ಟಿಸಿದವರ ಬಾಯಲ್ಲಿ ಈಗ ಈ ಮಾತು ಮಾಮೂಲು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: “ಒಂದು ಆ್ಯಪ್ ಬರೀ ಶೇ. 3 ಹಿಡ್ಕೊಳ್ಳುತ್ತಂತೆ, ಇನ್ನೊಂದು ಶೇ. 15 ಕಿತ್ಕೊಳ್ಳುತ್ತಂತೆ. ಯಾವುದಕ್ಕೆ ಸೇರಬೇಕು ಅಂತ ಕೇಳಬೇಕಾ?”

ಕೇಳಲೇಬೇಕು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸಿಗುವ ಉತ್ತರ ಹೆಚ್ಚಿನ ಸಲ ತಪ್ಪು. ಯಾಕೆ ಅಂತ ಒಂದು ರೂಮಿನ ಲೆಕ್ಕ ಹಾಕಿಯೇ ನೋಡೋಣ.

ನೀವು ಒಂದು ರಾತ್ರಿಗೆ 2,000 ರೂಪಾಯಿ ಇಟ್ಟಿದ್ದೀರಿ ಅಂದುಕೊಳ್ಳಿ. ಮೊದಲ ಆ್ಯಪ್ ನಿಮ್ಮಿಂದ ಶೇ. 3 ಹಿಡಿದು, ಅತಿಥಿಯಿಂದ ಬೇರೆಯಾಗಿ ಶೇ. 14 ಸೇವಾ ಶುಲ್ಕ ವಸೂಲಿ ಮಾಡುತ್ತದೆ. ಅತಿಥಿ ಕೊಡುವುದು 2,280, ನಿಮ್ಮ ಕೈಗೆ ಬರುವುದು 1,940. ಎರಡನೆಯ ಆ್ಯಪ್ ಅತಿಥಿಯಿಂದ ಏನೂ ಕೇಳುವುದಿಲ್ಲ, ನಿಮ್ಮಿಂದಲೇ ಶೇ. 15 ಹಿಡಿಯುತ್ತದೆ. ಅಲ್ಲಿ ನೀವು ಅದೇ ರೂಮಿಗೆ 2,280 ಎಂದು ದರ ಇಟ್ಟರೆ ಕಮಿಷನ್ 342 ಹೋಗಿ ನಿಮಗೆ ಉಳಿಯುವುದು 1,938. ವ್ಯತ್ಯಾಸ ಎರಡೇ ರೂಪಾಯಿ! ಅತಿಥಿ ನೋಡುವುದು ಕೊನೆಗೆ ತಾನು ಕಟ್ಟಬೇಕಾದ ಮೊತ್ತವನ್ನು. ಅದರಲ್ಲಿ ಯಾರ ಜೇಬಿನಿಂದ ಎಷ್ಟು ಹೋಯಿತು ಅನ್ನುವುದು ಅವನಿಗೆ ಬೇಕಿಲ್ಲ.

ಇದು ಬರೀ ಪುಸ್ತಕದ ಲೆಕ್ಕವಲ್ಲ. ಏರ್‌ಬಿಎನ್‌ಬಿ ಬಹಳ ವರ್ಷ ಇಂಥ ಎರಡು ಕಡೆ ಹಂಚಿದ ಶುಲ್ಕವನ್ನೇ ನೆಚ್ಚಿಕೊಂಡಿತ್ತು. ನಿರ್ವಹಣಾ ಸಾಫ್ಟ್‌ವೇರ್ ಮೂಲಕ ರೂಮು ನಡೆಸುವ ಮಾಲೀಕರನ್ನು 2025ರ ಅಕ್ಟೋಬರ್‌ನಿಂದ ಪೂರ್ತಿ ಮಾಲೀಕರಿಂದಲೇ ಹಿಡಿಯುವ ಶೇ. 15.5ರ ಪದ್ಧತಿಗೆ ತಂದಿತು. ಅತಿಥಿಯ ಕಡೆಯ ಶುಲ್ಕ ಮಾಲೀಕರ ಕಡೆಗೆ ಬಂತು, ಅಷ್ಟೇ.

ಹಾಗಾದರೆ ದುಡ್ಡು ಸೋರುವುದು ಎಲ್ಲಿ?

ರಿಯಾಯಿತಿಯಲ್ಲಿ. ಆ್ಯಪ್‌ನ ಮಾಲೀಕರ ಪುಟದಲ್ಲಿ “ಹೆಚ್ಚು ಜನರಿಗೆ ಕಾಣಿಸಿಕೊಳ್ಳಿ” ಅನ್ನುವ ಗುಂಡಿಗಳಿರುತ್ತವೆ. ಖಾಯಂ ಗ್ರಾಹಕರಿಗೆ ರಿಯಾಯಿತಿ, ಮೊಬೈಲ್‌ನಲ್ಲಿ ಬುಕ್ ಮಾಡಿದವರಿಗೆ ರಿಯಾಯಿತಿ, ಕೊನೇ ಗಳಿಗೆಯಲ್ಲಿ ಬರುವವರಿಗೆ ರಿಯಾಯಿತಿ. ಇವುಗಳಲ್ಲಿ ಹೆಚ್ಚಿನವನ್ನು ಆ್ಯಪ್ ತನ್ನ ಕೈಯಿಂದ ಕೊಡುವುದಿಲ್ಲ, ನೀವು ಕೊಡುತ್ತೀರಿ. ಬುಕಿಂಗ್ ಡಾಟ್ ಕಾಮ್‌ನ ಜೀನಿಯಸ್ ಯೋಜನೆಯ ಮೊದಲ ಹಂತದ ಶೇ. 10 ರಿಯಾಯಿತಿಯೂ ಮಾಲೀಕರ ಲೆಕ್ಕದ್ದೇ.

ಈಗ ಎರಡು ಗುಂಡಿ ಒತ್ತಿದಿರಿ ಅನ್ನಿ, ಎರಡೂ ತಲಾ ಶೇ. 10. 2,000 ಮೊದಲು 1,800 ಆಗುತ್ತದೆ, ಆಮೇಲೆ 1,620. ಅದರ ಮೇಲೆ ಶೇ. 15 ಕಮಿಷನ್. ಕಮಿಷನ್ನಿಗೂ ಶೇ. 18 ಜಿಎಸ್‌ಟಿ ಇದೆ, ಹಾಗಾಗಿ ನಿಜವಾದ ಕಡಿತ ಶೇ. 17.7. ಕೈಗೆ ಬರುವುದು ಸುಮಾರು 1,333 ರೂಪಾಯಿ. ಒಪ್ಪಂದದಲ್ಲಿ ಶೇ. 15 ಎಂದು ಓದಿದವರ ಮೂರರಲ್ಲಿ ಒಂದು ಪಾಲು ಹೋಗಿದೆ. ಕಮಿಷನ್ನಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ವಾಪಸ್ ಪಡೆಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ತೆರಿಗೆ, ಆದರೆ ಆ ಜಮೆಯ ಸೌಲಭ್ಯವಿಲ್ಲ. ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ಮಾಲೀಕರಿಗಂತೂ ಆ ಪ್ರಶ್ನೆಯೇ ಏಳುವುದಿಲ್ಲ. ಅವರ ರೂಮಿನ ತೆರಿಗೆಯನ್ನು ಅತಿಥಿಯಿಂದ ಪಡೆದು ಸರ್ಕಾರಕ್ಕೆ ಕಟ್ಟುವ ಹೊಣೆ ಆ್ಯಪ್‌ನದು.

ಹಾಗಂತ ರಿಯಾಯಿತಿಯೇ ಕೆಟ್ಟದ್ದು ಅಂತಲ್ಲ. ಯಾವ ದಿನ ಕೊಡುತ್ತೀರಿ ಅನ್ನುವುದೇ ಮುಖ್ಯ. ಕೂರ್ಗ್, ಚಿಕ್ಕಮಗಳೂರಿನ ಹೋಮ್‌ಸ್ಟೇಗಳು ಶುಕ್ರವಾರ ಸಂಜೆ ತುಂಬಿ ಭಾನುವಾರ ಮಧ್ಯಾಹ್ನ ಖಾಲಿಯಾಗುತ್ತವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದು ತಿರುಗುಮುರುಗು. ಇಲ್ಲಿ ಸೋಮವಾರದಿಂದ ಗುರುವಾರದವರೆಗೆ ಕಂಪನಿ ಕೆಲಸಕ್ಕೆ ಬಂದವರು, ಶನಿವಾರ ರೂಮು ಖಾಲಿ. ದಸರಾ ರಜೆಯಲ್ಲಿ ಬೆಟ್ಟದ ಕಡೆ ರೂಮು ಸಿಗದಿದ್ದರೆ, ಐಟಿಪಿಎಲ್ ಸುತ್ತ ಕೇಳುವವರಿಲ್ಲ. ಪೀಣ್ಯದ ಕಡೆಯವರಿಗೆ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಯಂತ್ರೋಪಕರಣ ಮೇಳ ನಡೆಯುವ ವಾರವೇ ಜಾತ್ರೆ.

ಲಾಂಡ್ರಿ, ಕರೆಂಟು, ಟ್ಯಾಂಕರ್ ನೀರು, ಗುಡಿಸಿ ಒರೆಸುವ ಕೂಲಿ ಎಲ್ಲಾ ಸೇರಿ ಒಂದು ರಾತ್ರಿಗೆ ನಿಮಗೆ 450 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಖಾಲಿ ಇರಬೇಕಿದ್ದ ಶನಿವಾರ 1,333 ಬಂದರೆ 883 ಲಾಭವೇ. ಶನಿವಾರದ ರಾತ್ರಿಯನ್ನು ಎತ್ತಿಟ್ಟು ಮಂಗಳವಾರ ಮಾರಲು ಆಗುವುದಿಲ್ಲವಲ್ಲ. ಆದರೆ ಮಂಗಳವಾರ ಹೇಗೂ ತುಂಬುತ್ತಿದ್ದ ರೂಮಿಗೆ ಅದೇ ರಿಯಾಯಿತಿ ನಡೆಯುತ್ತಿದ್ದರೆ, 1,646 ಬರಬೇಕಾದ ಕಡೆ 1,333 ಬಂತು. ರಾತ್ರಿಗೆ 313 ಖೋತಾ. ವಾರಕ್ಕೆ ನಾಲ್ಕು ರಾತ್ರಿ ಎಂದರೂ ಒಂದು ರೂಮಿಗೆ ತಿಂಗಳಿಗೆ 5,000 ದಾಟುತ್ತದೆ. ಗುಂಡಿ ಒತ್ತುವಾಗ ದಿನಗಳನ್ನು ಆರಿಸಿಕೊಳ್ಳುವ ಅವಕಾಶ ಆ ಯೋಜನೆಯಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಈ ಪ್ರದೇಶದವರಿಗೆ ಅದು ಆಗಿಬರುವುದಿಲ್ಲ.

ಎರಡನೆಯ ಸಲ ಬರುವವರು ಯಾರ ಗಿರಾಕಿ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೊಡಿಸುವ ದಲ್ಲಾಳಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾನೆ. ಜಾಸ್ತಿಯಾಯಿತು ಎಂದು ಗೊಣಗಿಯಾದರೂ ಕೊಡುತ್ತೇವೆ, ಒಮ್ಮೆ ಕೊಟ್ಟರೆ ಮುಗಿಯಿತು. ಅದೇ ದಲ್ಲಾಳಿ ಪ್ರತಿ ತಿಂಗಳೂ ಬಾಗಿಲಿಗೆ ಬಂದು ಪಾಲು ಕೇಳಿದರೆ? ಆ್ಯಪ್ ಮಾಡುವುದು ಇದನ್ನೇ. ಅದು ಮಾರುವ ಅಸಲಿ ಸರಕು ಪರಿಚಯ. ಗುರುತಿಲ್ಲದ ಊರಿನ ಗುರುತಿಲ್ಲದ ಮನುಷ್ಯ ನಿಮ್ಮ ಮನೆಯನ್ನು ನಂಬಿ ಮುಂಗಡ ಕಟ್ಟುವಂತೆ ಮಾಡುವುದು ಸಣ್ಣ ಕೆಲಸವಲ್ಲ. ಅದಕ್ಕೆ ಶೇ. 15 ಕೊಡುವುದು ನನ್ನ ಮಟ್ಟಿಗೆ ನ್ಯಾಯವೇ. ಆದರೆ ಪರಿಚಯವಾದ ಮೇಲೂ ಪ್ರತಿ ಸಲ ಪರಿಚಯದ ಬೆಲೆ ಕೊಡುತ್ತಾ ಹೋಗಬೇಕೇ?

ಪ್ರವಾಸಿ ತಾಣದವರಿಗೆ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಅಲ್ಲಿ ಬಂದವರು ಮುಂದಿನ ಸಲ ಬೇರೆ ಊರಿಗೆ ಹೋಗುತ್ತಾರೆ. ಇಲ್ಲಿ ಬಂದವರು ಮತ್ತೆ ಬರುತ್ತಾರೆ. ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲೋ, 2001ರಿಂದ ಉಚಿತ ಚಿಕಿತ್ಸೆ ಕೊಡುತ್ತಿರುವ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲೋ ಆಪರೇಷನ್ ಆದವರು ತಪಾಸಣೆಗೆ ಬರಲೇಬೇಕು. ಪೀಣ್ಯದ ಕಾರ್ಖಾನೆಗೆ ಬಿಡಿಭಾಗ ಕೊಡುವ ಕೊಯಮತ್ತೂರಿನವರು ತಿಂಗಳಿಗೊಮ್ಮೆ ಬರುತ್ತಾರೆ. ವರ್ಷಕ್ಕೆ ಆರು ಸಲ, ಸಲಕ್ಕೆ ನಾಲ್ಕು ರಾತ್ರಿ ತಂಗುವ ಒಬ್ಬ ಅತಿಥಿ, ರಾತ್ರಿಗೆ 2,000. ಪ್ರತಿ ಸಲವೂ ಆ್ಯಪ್‌ನಲ್ಲಿ ಬಂದರೆ ಜಿಎಸ್‌ಟಿ ಸೇರಿ ಕಮಿಷನ್ 8,496 ರೂಪಾಯಿ. ಮೊದಲ ಸಲ ಮಾತ್ರ ಆ್ಯಪ್, ಆಮೇಲೆ ಫೋನ್ ಅಂದರೆ 1,416. ನಡುವಿನ 7,080ರಲ್ಲಿ ಅರ್ಧವನ್ನು ಅತಿಥಿಗೇ ಬಿಟ್ಟುಕೊಟ್ಟರೂ ಇಬ್ಬರಿಗೂ ಲಾಭ.

ಹಾಗಾಗಿ ಒಪ್ಪಂದದಲ್ಲಿ ಮೊದಲು ಹುಡುಕಬೇಕಾದದ್ದು ಕಮಿಷನ್ನಿನ ಅಂಕಿಯನ್ನಲ್ಲ. ಅತಿಥಿಯ ಫೋನ್ ನಂಬರ್ ನಿಮಗೆ ಸಿಗುತ್ತದೆಯೇ, ತಂಗಿ ಹೋದ ಮೇಲೆ ಅವರನ್ನು ನೀವು ನೇರವಾಗಿ ಕರೆಯಬಹುದೇ, ನೇರ ಬಂದವರಿಗೆ ಕಡಿಮೆ ದರ ಕೊಡಬಹುದೇ ಎಂಬ ಸಾಲುಗಳನ್ನು. ಒಂದು ಎಚ್ಚರಿಕೆ: ಆ್ಯಪ್‌ನಲ್ಲಿ ಆಗಲೇ ಬುಕ್ ಆಗಿರುವವರಿಗೆ “ಕ್ಯಾನ್ಸಲ್ ಮಾಡಿ ನನಗೇ ಕೊಡಿ” ಅನ್ನುವುದು ಬೇರೆ ವಿಷಯ. ಅದು ಒಪ್ಪಂದ ಮುರಿದಂತೆ, ಸಿಕ್ಕಿಬಿದ್ದರೆ ಪಟ್ಟಿಯಿಂದಲೇ ತೆಗೆಯುತ್ತಾರೆ.

‘ನಮಗಿಂತ ಕಡಿಮೆಗೆ ಕೊಡಬೇಡಿ’

ಈ ಷರತ್ತಿಗೆ ದರ ಸಮಾನತೆ ಎಂದು ಹೆಸರು. ಒಂದು ಆ್ಯಪ್‌ನಲ್ಲಿ ಇಟ್ಟ ದರಕ್ಕಿಂತ ಕಡಿಮೆಗೆ ಬೇರೆಲ್ಲೂ, ಕೆಲವೊಮ್ಮೆ ನಿಮ್ಮದೇ ವೆಬ್‌ಸೈಟಿನಲ್ಲೂ, ಮಾರಬಾರದು ಎನ್ನುವುದು ಅದರ ಅರ್ಥ. ಆ್ಯಪ್‌ನವರ ವಾದದಲ್ಲೂ ಹುರುಳಿಲ್ಲದಿಲ್ಲ: ಜನ ನಮ್ಮಲ್ಲಿ ಫೋಟೊ, ವಿಮರ್ಶೆ ಎಲ್ಲಾ ನೋಡಿ, ಕೊನೆಗೆ ನಿಮಗೆ ಫೋನ್ ಮಾಡಿದರೆ ನಮ್ಮ ಗತಿಯೇನು? ಆದರೆ ಅದರ ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ನಾಳೆ ಹೊಸ ಆ್ಯಪ್ ಒಂದು ಶೇ. 8ಕ್ಕೆ ಕೆಲಸ ಮಾಡುತ್ತೇನೆ ಎಂದು ಬಂದರೆ ನೀವು ಅಲ್ಲಿ ದರ ಇಳಿಸಬಹುದಿತ್ತು, ಅಗ್ಗದ ದರ ನೋಡಿ ಜನ ಅಲ್ಲಿಗೆ ಹೋಗುತ್ತಿದ್ದರು. ಷರತ್ತು ಇದ್ದರೆ ಇಳಿಸುವಂತಿಲ್ಲ. ಕಮಿಷನ್ ಕಡಿಮೆ ಮಾಡಿದ ಆ್ಯಪ್‌ಗೆ ಗಿರಾಕಿ ಹೆಚ್ಚುವುದಿಲ್ಲ. ಹಾಗಾಗಿ ಕಮಿಷನ್ ಇಳಿಸಲು ಯಾರಿಗೂ ಕಾರಣವೇ ಇರುವುದಿಲ್ಲ.

ಭಾರತದ ಸ್ಪರ್ಧಾ ಆಯೋಗ ಇದನ್ನೇ ವಿಚಾರಣೆಗೆ ತೆಗೆದುಕೊಂಡಿತ್ತು. ಹೋಟೆಲ್ ಮಾಲೀಕರ ಒಕ್ಕೂಟದ ದೂರಿನ ಜೊತೆಗೆ ಅಲ್ಲಿ ಇನ್ನೊಂದು ವಿಷಯವೂ ಇತ್ತು: ಮೇಕ್‌ಮೈಟ್ರಿಪ್ ಮತ್ತು ಓಯೊ ನಡುವಿನ ಒಪ್ಪಂದದಿಂದಾಗಿ ಬೆಂಗಳೂರು ಮೂಲದ ಟ್ರೀಬೊ ಮತ್ತು ಫ್ಯಾಬ್‌ಹೋಟೆಲ್ಸ್ ಮೇಕ್‌ಮೈಟ್ರಿಪ್ ತಾಣದಿಂದ ಹೊರಬಿದ್ದಿದ್ದವು. 2022ರ ಅಕ್ಟೋಬರ್ 19ರ ಆದೇಶದಲ್ಲಿ ಆಯೋಗ ಮೇಕ್‌ಮೈಟ್ರಿಪ್–ಗೋಐಬಿಬೊಗೆ 223.48 ಕೋಟಿ, ಓಯೊಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ದರ ಸಮಾನತೆಯ ಷರತ್ತುಗಳನ್ನು ತಿದ್ದುವಂತೆ ಮೇಕ್‌ಮೈಟ್ರಿಪ್ ಗುಂಪಿಗೆ ಸೂಚಿಸಿತು. ಎರಡೂ ಕಂಪನಿಗಳು ಮೇಲ್ಮನವಿ ಹೋದವು. ಯುರೋಪಿನಲ್ಲಿ ಬುಕಿಂಗ್ ಡಾಟ್ ಕಾಮ್ 2024ರಲ್ಲಿ ಈ ಷರತ್ತನ್ನು ಕೈಬಿಟ್ಟಿತು. ವ್ಯವಹಾರಕ್ಕೆ ಇದು ಅನಿವಾರ್ಯವೇನಲ್ಲ ಎಂಬ ನಿಲುವಿನ ತೀರ್ಪನ್ನು ಅದೇ ವರ್ಷದ ಸೆಪ್ಟೆಂಬರ್ 19ರಂದು ಐರೋಪ್ಯ ನ್ಯಾಯಾಲಯ ಕೊಟ್ಟಿತು. ಹಾಗಾಗಿ “ಎಲ್ಲಾ ಆ್ಯಪ್‌ಗಳಲ್ಲೂ ಇದು ಇದ್ದೇ ಇರುತ್ತೆ ಸಾರ್, ಸೈನ್ ಮಾಡಿ” ಎಂದು ಮನೆಗೆ ಬಂದ ಪ್ರತಿನಿಧಿ ಹೇಳಿದರೆ ತಕ್ಷಣ ಒಪ್ಪಬೇಕಾಗಿಲ್ಲ.

ನಮ್ಮ ಕ್ಯಾನ್ಸಲೇಷನ್ ನಿಯಮ ನಮ್ಮದೇ ತಾನೇ?

ಮಾಮೂಲಿ ದಿನಗಳಲ್ಲಿ ಹೌದು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಏರ್‌ಬಿಎನ್‌ಬಿ, ಮಾರ್ಚ್ 14ರೊಳಗೆ ಮಾಡಿದ ಬುಕಿಂಗ್‌ಗಳಿಗೆ ಮಾಲೀಕರ ನಿಯಮ ಏನೇ ಇದ್ದರೂ ಅತಿಥಿಗೆ ಪೂರ್ತಿ ಹಣ ವಾಪಸ್ ಎಂದು ಘೋಷಿಸಿತು. ಅಸಾಧಾರಣ ಸಂದರ್ಭದಲ್ಲಿ ಹಾಗೆ ಮಾಡುವ ಅಧಿಕಾರವನ್ನು ಕಂಪನಿ ತನ್ನ ಷರತ್ತಿನಲ್ಲೇ ಇಟ್ಟುಕೊಂಡಿತ್ತು. ಜಗತ್ತಿನಾದ್ಯಂತ ಮಾಲೀಕರು ಸಿಟ್ಟಾದ ಮೇಲೆ 25 ಕೋಟಿ ಡಾಲರ್ ತೆಗೆದಿಟ್ಟು, ಅವರವರ ನಿಯಮದಂತೆ ಬರಬೇಕಿದ್ದ ಮೊತ್ತದ ಕಾಲು ಭಾಗ ಕೊಡುವುದಾಗಿ ಹೇಳಿತು. ಅರ್ಧ ಹಣ ಉಳಿಸಿಕೊಳ್ಳುವ ನಿಯಮ ಇಟ್ಟವರಿಗೆ ಆ ಅರ್ಧದಲ್ಲಿ ಕಾಲು. ಸಾಲದ ಕಂತು ಕಟ್ಟುತ್ತಾ ಫ್ಲಾಟ್ ನಡೆಸುವವರು ಈ ಸಾಲನ್ನು ಕಮಿಷನ್ನಿಗಿಂತ ಮೊದಲು ಓದಬೇಕು.

“ನಿಮ್ಮ ಕಟ್ಟಡ ನಮಗೆ ಕೊಡಿ, ತುಂಬಲಿ ಬಿಡಲಿ ತಿಂಗಳಿಗೆ ಇಷ್ಟು ಖಾತ್ರಿ” ಎನ್ನುವ ಒಪ್ಪಂದಗಳಿಗೂ ಇದೇ ಮಾತು. ಖಾತ್ರಿ ಮೊತ್ತವನ್ನು ಯಾವ ಸಂದರ್ಭದಲ್ಲಿ ಕಡಿತ ಮಾಡಬಹುದು, ಒಪ್ಪಂದ ಬಿಡಲು ಯಾರು ಎಷ್ಟು ದಿನದ ನೋಟಿಸ್ ಕೊಡಬೇಕು ಅನ್ನುವುದರ ಮೇಲೆ ಖಾತ್ರಿಯ ಬೆಲೆ ನಿಂತಿದೆ.

ನೇರ ಗಿರಾಕಿ ಅಂದರೆ ನೇರ ಮೋಸವೂ ಹೌದು

ಆ್ಯಪ್ ಬಿಟ್ಟು ಫೋನಿನಲ್ಲಿ ವ್ಯವಹರಿಸಲು ಹೊರಟವರಿಗೆ ಕಾದಿರುವ ಒಂದು ಹಳೆಯ ಬಲೆ ಇದೆ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡವನು ಕರೆ ಮಾಡುತ್ತಾನೆ, ಹತ್ತು ದಿನಕ್ಕೆ ರೂಮು ಬೇಕು, ಚೌಕಾಸಿಯೇ ಇಲ್ಲ. ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುತ್ತಾನೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳಿತು ಅಂದರೆ ಹಣ ಹೋಗುತ್ತಿರುವುದು ನಿಮ್ಮ ಖಾತೆಯಿಂದ. ಆ್ಯಪ್‌ಗೆ ಕೊಡುವ ಕಮಿಷನ್ನಿನಲ್ಲಿ ಇಂಥ ತಲೆನೋವು ತಪ್ಪಿಸುವ ಬೆಲೆಯೂ ಸೇರಿದೆ ಅನ್ನುವುದನ್ನು ಒಪ್ಪಬೇಕು.

ಆದರೆ ಎಲ್ಲ ತಲೆನೋವನ್ನೂ ಅದು ಹೊರುವುದಿಲ್ಲ. ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ನಿಮ್ಮ ಹೊಣೆ. ವಿದೇಶಿ ಅತಿಥಿ ಬಂದರೆ, ಜನ ಇನ್ನೂ ಸಿ ಫಾರ್ಮ್ ಎಂದೇ ಕರೆಯುವ ವಿವರವನ್ನು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ ಪೋರ್ಟಲ್‌ಗೆ ತುಂಬಬೇಕಾದವರೂ ನೀವೇ. ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ಫೋಟೊ ಹಾಕಿದ್ದಾರಲ್ಲ, ಅಷ್ಟು ಸಾಕು ಎಂದು ಕೂತವರಿದ್ದಾರೆ. ಸಾಲದು. ಅತಿಥಿ ಬ್ಯಾಗು ಇಳಿಸಿ ಕಾಫಿ ಕುಡಿಯುವಷ್ಟರಲ್ಲಿ ತುಂಬಿ ಮುಗಿಸಬಹುದಾದ ಫಾರ್ಮ್ ಅದು.