ತಬ್ಬಲಿ ಕುರಿಮರಿಗೆ ಬಾಟಲಿ ಹಾಲು: ಕುಡಿಸೋ ಮುಂಚೆ ಲೆಕ್ಕ ಕೇಳಿ

ರಜೆಯಲ್ಲಿ ಮಕ್ಕಳನ್ನ ಕರ್ಕೊಂಡು ಫಾರ್ಮ್ ನೋಡೋಕೆ ಹೋದಾಗ ಕುರಿಮರಿಗೆ ಬಾಟಲಿ ಹಾಲು ಕುಡಿಸೋ ಅವಕಾಶ ಸಿಕ್ಕರೆ ಯಾರು ಬಿಡ್ತಾರೆ? ನಮಗದು ಐದು ನಿಮಿಷದ ಖುಷಿ. ಮರಿಗೆ ಮಾತ್ರ ಜೀವದ ಪ್ರಶ್ನೆ. ಇವತ್ತಿನ ಸಂಚಿಕೆ ಇದರ ಬಗ್ಗೆ.

ಮರಿ ತಬ್ಬಲಿ ಆಗೋದು ಹೇಗೆ? ತಾಯಿ ಸತ್ತಿರಬಹುದು. ಎರಡು ಮೂರು ಮರಿ ಹಾಕಿ ಹಾಲು ಸಾಲದೇ ಇರಬಹುದು. ಕೆಲವು ತಾಯಿ ಕುರಿಗಳು ಮರಿಯನ್ನ ಹತ್ತಿರವೇ ಸೇರಿಸಲ್ಲ. ಆಗ ಕುರಿ ಸಾಕುವವರು ಹಾಲಿರೋ ಇನ್ನೊಂದು ಕುರಿನೋ ಮೇಕೆನೋ ಹುಡುಕ್ತಾರೆ. ಅದೂ ಸಿಗದಿದ್ದರೆ ಬಾಟಲಿ.

ಮೊದಲ ದಿನ ಗಿಣ್ಣು ಹಾಲೇ ಬೇಕು. ಅದರಲ್ಲಿರೋ ರೋಗನಿರೋಧಕ ಅಂಶವನ್ನ ಮರಿಯ ಕರುಳು ಹೀರಿಕೊಳ್ಳೋದು ಸುಮಾರು 24 ಗಂಟೆ ಮಾತ್ರ. ಅದರಲ್ಲೂ ಮೊದಲ 6 ಗಂಟೆ ಬಹಳ ಮುಖ್ಯ. ತೂಕದ ಪ್ರತಿ ಕೆ.ಜಿ.ಗೆ ಒಂದು ಸಲಕ್ಕೆ 50 ಮಿ.ಲೀ. ಅಂದ್ರೆ 2 ಕೆ.ಜಿ. ಮರಿಗೆ 100 ಮಿ.ಲೀ., ದಿನಕ್ಕೆ ನಾಲ್ಕು ಸಲ. ಮರಿಯ ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಹಾಲು ಕೊಡಬಾರದು, ಮೊದಲು ಮೈ ಬೆಚ್ಚಗೆ ಮಾಡಬೇಕು.

ಆಮೇಲಿನ ದಿನಗಳಲ್ಲಿ ತೂಕದ ಸುಮಾರು ಶೇ 15ರಷ್ಟು ಹಾಲು ಅಂತ ಇಟ್ಕೊಳ್ಳಿ. 3 ಕೆ.ಜಿ. ಮರಿಗೆ ದಿನಕ್ಕೆ 450 ಮಿ.ಲೀ., ನಾಲ್ಕು ಪಾಲು ಮಾಡಿ. ನಾನು ಬಿ.ಕಾಂ. ಓದಿದವನು, ನನಗೆ ಇದು ಬಜೆಟ್ ಥರ ಕಾಣುತ್ತೆ. ಐದು ಮಕ್ಕಳು ತಲಾ 200 ಮಿ.ಲೀ. ಕುಡಿಸಿದರೆ ಒಂದು ಲೀಟರ್! ಬಜೆಟ್‌ನ ಎರಡು ಪಟ್ಟು ಮೀರಿತು. ಮರಿ ಬೇಡ ಅನ್ನಲ್ಲ, ಕೊಟ್ಟಷ್ಟೂ ಚೀಪುತ್ತೆ. ಹೆಚ್ಚಾದ ಹಾಲು ಹೊಟ್ಟೆಯಲ್ಲಿ ಹುಳಿತು ಗ್ಯಾಸ್ ತುಂಬಿ ಹೊಟ್ಟೆ ಉಬ್ಬರಿಸುತ್ತೆ. ಕೆಲವೇ ಗಂಟೆಗಳಲ್ಲಿ ಮರಿ ಸಾಯಲೂಬಹುದು.

ಹಿಡಿಯೋ ರೀತಿಯೂ ಮುಖ್ಯ. ಮಗುವನ್ನ ಮಲಗಿಸಿಕೊಂಡ ಹಾಗೆ ತೊಡೆ ಮೇಲೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಮರಿ ನಿಂತಿರಲಿ, ಕುತ್ತಿಗೆ ಸ್ವಲ್ಪ ಮೇಲಿರಲಿ, ತಾಯಿ ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ. ಅದು ತಾನೇ ಚೀಪಬೇಕು. ಚೀಪಿದಾಗ ಅನ್ನನಾಳದ ತುದಿಯಲ್ಲಿ ಒಂದು ತೋಡು ಮುಚ್ಚಿಕೊಂಡು, ಹಾಲು ಮೇವಿನ ಹೊಟ್ಟೆಗೆ ಬೀಳದೆ ನೇರವಾಗಿ ಜೀರ್ಣ ಮಾಡೋ ಹೊಟ್ಟೆಗೆ ಹೋಗುತ್ತೆ. ಬಾಟಲಿ ಒತ್ತಿ ಸುರಿಯಬೇಡಿ. ಹಾಲು ಉಗುರು ಬೆಚ್ಚಗಿರಲಿ, ಸುಮಾರು 39 ಡಿಗ್ರಿ. ಹಸುವಿನ ಹಾಲಿಗಿಂತ ಕುರಿ ಹಾಲಲ್ಲಿ ಕೊಬ್ಬು ಜಾಸ್ತಿ. ಹಾಗಾಗಿ ಹಸುವಿನ ಹಾಲು ಕೊಡೋದಾದರೆ ನೀರು ಬೆರೆಸಬಾರದು.

ನಮ್ಮ ಆರೋಗ್ಯದ ಮಾತೂ ಇದೆ. ಮರಿಯ ಬಾಯಿ ಸುತ್ತ ಹುಣ್ಣಿದ್ದರೆ ಮುಟ್ಟಬೇಡಿ, ಅದು ನಮ್ಮ ಕೈಗೂ ಹರಡುತ್ತೆ. ಗರ್ಭಿಣಿಯರು ಮರಿ ಹಾಕೋ ಜಾಗದಿಂದ ದೂರವಿರಲಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಹೋದಾಗ ಒಂದೇ ಪ್ರಶ್ನೆ ಕೇಳಿ: "ಈ ಮರಿ ಇವತ್ತು ಎಷ್ಟು ಕುಡಿದಿದೆ ಅಣ್ಣಾ?" ಲೆಕ್ಕ ಬರೆದಿಟ್ಟಿದ್ದರೆ ಧೈರ್ಯವಾಗಿ ಬಾಟಲಿ ಹಿಡೀರಿ. ಉತ್ತರ ಬರದಿದ್ದರೆ ಮಕ್ಕಳಿಗೆ ಮರಿಯ ಬೆನ್ನು ಸವರೋಕೆ ಹೇಳಿ, ಸಾಕು. ಮುಂದಿನ ವಾರ ಸಿಗೋಣ.