ತಮ್ಮ ಆರೋಗ್ಯ ತಮ್ಮ ಕೈಯಲ್ಲಿ
ಆಸ್ಟ್ರೇಲಿಯಾದ ಮೂಲನಿವಾಸಿಗಳ ವೈದ್ಯಶಾಲೆಗಳೂ ಸರಕಾರದ ಹಣವೂ

ಕಾಯಿಲೆ ಬಿದ್ದ ಮನುಷ್ಯನಿಗೆ ಬೇಕಾದುದು ಔಷಧವೊಂದೇ ಅಲ್ಲ. ನೋವನ್ನು ಹೇಳಿಕೊಳ್ಳಲು ತನ್ನ ಮಾತು ಬೇಕು. ಕೇಳುವವರಿಗೆ ತಾಳ್ಮೆ ಬೇಕು. ಬಾಗಿಲಲ್ಲಿ ಅಳುಕುತ್ತ ನಿಂತವನನ್ನು ‘ಒಳಗೆ ಬಾ’ ಎಂದು ಕರೆಯುವ ಮುಖ ಬೇಕು. ಪರಊರಿನಲ್ಲಿ ಸಂಸಾರ ಹೂಡಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನಿಂದ ಬಂದ ವಯಸ್ಸಾದ ತಾಯಿಯನ್ನು ಇಲ್ಲಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದು, ‘ಹೊಟ್ಟೆ ತೊಳಸುತ್ತದೆ’, ‘ಮೈ ಜುಮ್ಮೆನ್ನುತ್ತದೆ’ ಎಂಬುದನ್ನು ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಹೇಗೆ ಹೇಳುವುದೆಂದು ತಡವರಿಸಿದವರು ನಮ್ಮಲ್ಲಿ ಎಷ್ಟು ಜನರಿಲ್ಲ!

ನಾವಾದರೋ ಉದ್ಯೋಗವನ್ನರಸಿ ಬಂದವರು. ಹುಟ್ಟಿದ ನೆಲದಲ್ಲಿಯೇ ಪರಕೀಯರಂತೆ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಬೇಕಾಗಿ ಬಂದ ಜನರ ಪಾಡು ಹೇಗಿರಬೇಕು? ಅಂಥ ಜನ ಆಸ್ಟ್ರೇಲಿಯಾ ಖಂಡದಲ್ಲಿದ್ದಾರೆ. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಸಿಡ್ನಿಯಲ್ಲಿ, ಮೆಲ್ಬರ್ನಿನಲ್ಲಿ ನೆಲೆಸಿದ್ದಾರೆ. ಅವರು ಕಳುಹಿಸುವ ಚಿತ್ರಗಳಲ್ಲಿ ಕಡಲತೀರವನ್ನೂ ಸೇತುವೆಯನ್ನೂ ನೋಡಿ ಸಂತೋಷಪಡುತ್ತೇವೆ. ಆ ನೆಲದ ಮೊದಲ ಒಡೆಯರ ಸುದ್ದಿ ಮಾತ್ರ ನಮ್ಮ ಕಿವಿಗೆ ಬೀಳುವುದು ಅಪರೂಪ. ಅವರು ತಮ್ಮ ಆರೋಗ್ಯವನ್ನು ತಮ್ಮ ಕೈಗೆ ತೆಗೆದುಕೊಂಡ ಬಗೆಯನ್ನೂ, ಅದಕ್ಕೆ ಬೇಕಾದ ಹಣಕ್ಕಾಗಿ ಸರಕಾರದೊಡನೆ ನಡೆಸಿದ ಹೋರಾಟವನ್ನೂ ಓದುಗರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹಿನ್ನೆಲೆ

1788ರಲ್ಲಿ ಬ್ರಿಟಿಷರ ಹಡಗುಗಳು ಸಿಡ್ನಿಯ ಬಳಿ ಲಂಗರು ಹಾಕುವ ಮೊದಲು ಹತ್ತಾರು ಸಾವಿರ ವರ್ಷಗಳಿಂದ ಈ ಜನ ಅಲ್ಲಿ ಬಾಳಿದ್ದರು. ಅವರದು ಒಂದೇ ಜನಾಂಗವಲ್ಲ, ಒಂದೇ ಭಾಷೆಯಲ್ಲ. ನೂರಾರು ಭಾಷೆಗಳು, ನೂರಾರು ನಾಡುಗಳು. ಬಂದವರು ನೆಲವನ್ನು ಕಸಿದರು. ಬಂದೂಕಿಗಿಂತ ಹೆಚ್ಚಾಗಿ ಸಿಡುಬು ಮೊದಲಾದ ಹೊಸ ರೋಗಗಳು ಕೊಂದವು. ಉಳಿದವರನ್ನು ‘ರಕ್ಷಣೆ’ಯ ಹೆಸರಿನಲ್ಲಿ ಮಿಷನ್ನುಗಳಿಗೂ ಮೀಸಲು ಪ್ರದೇಶಗಳಿಗೂ ಅಟ್ಟಿದರು, ಮಕ್ಕಳನ್ನು ತಾಯಂದಿರಿಂದ ಅಗಲಿಸಿದರು. ಇಪ್ಪತ್ತನೆಯ ಶತಮಾನದಲ್ಲಿಯೂ ಹಲವು ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಇವರಿಗೆ ಬೇರೆ ವಾರ್ಡು. ಕೆಲವೆಡೆ ಹಿಂದಿನ ಜಗುಲಿಯೇ ವಾರ್ಡು. ಇಂಥಲ್ಲಿಗೆ ಜ್ವರ ಬಂದೊಡನೆ ಓಡಿಹೋಗುವ ಮನಸ್ಸು ಯಾರಿಗೆ ಬಂದೀತು? ರೋಗ ಕೈಮೀರಿದ ಮೇಲೆಯೇ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರೆಂದರೆ ಆಶ್ಚರ್ಯವೇನೂ ಇಲ್ಲ.

1967ರ ಮೇ 27ರಂದು ಆಸ್ಟ್ರೇಲಿಯಾದಲ್ಲಿ ಒಂದು ಜನಮತಗಣನೆ ನಡೆಯಿತು. ಮೂಲನಿವಾಸಿಗಳಿಗಾಗಿ ಶಾಸನ ಮಾಡುವ ಅಧಿಕಾರ ಕೇಂದ್ರ ಸರಕಾರಕ್ಕೂ ಇರಬೇಕೆಂದು ನೂರಕ್ಕೆ 90ಕ್ಕಿಂತ ಹೆಚ್ಚು ಮತದಾರರು ಒಪ್ಪಿದರು. ಅಲ್ಲಿಯವರೆಗೆ ಇದು ಪ್ರಾಂತ ಸರಕಾರಗಳ ಪಾಲಿನ ವಿಷಯವಾಗಿತ್ತು. ಕೇಂದ್ರದ ಬೊಕ್ಕಸದಿಂದ ಈ ಜನರ ಕಡೆಗೆ ಹಣ ಹರಿಯಲು ದಾರಿ ತೆರೆದುದು ಹೀಗೆ.

ರೆಡ್‌ಫರ್ನಿನ ಅಂಗಡಿ

ಆದರೆ ಮೊದಲ ಹೆಜ್ಜೆಯನ್ನಿಟ್ಟುದು ಸರಕಾರವಲ್ಲ, ಜನರೇ. ಸಿಡ್ನಿಯ ರೆಡ್‌ಫರ್ನ್ ಎಂಬುದು ಆಗ ಬಡವರ ಬಡಾವಣೆ. ಹಳ್ಳಿಗಾಡಿನಿಂದ ಕೆಲಸ ಹುಡುಕಿಕೊಂಡು ಬಂದ ಮೂಲನಿವಾಸಿಗಳು ಅಲ್ಲಿ ಕಿಕ್ಕಿರಿದು ವಾಸಿಸುತ್ತಿದ್ದರು. 1970ರಲ್ಲಿ ಅಲ್ಲಿನವರು ತಮ್ಮವರಿಗಾಗಿ ಕಾನೂನು ನೆರವಿನ ಸಂಸ್ಥೆಯೊಂದನ್ನು ಕಟ್ಟಿದ್ದರು. ಮರುವರ್ಷ, ಅಂದರೆ 1971ರಲ್ಲಿ, ಬೀದಿಬದಿಯ ಒಂದು ಅಂಗಡಿ ಮಳಿಗೆಯಲ್ಲಿ ತಮ್ಮದೇ ವೈದ್ಯಶಾಲೆಯನ್ನು ತೆರೆದರು. ಸಂಬಳವಿಲ್ಲದೆ ದುಡಿಯುವ ವೈದ್ಯರು, ದಾದಿಯರು, ದಾನಿಗಳು ಕೊಟ್ಟ ಸಾಮಾನು. ಇಷ್ಟೇ ಬಂಡವಾಳ. ಆ ದೇಶದಲ್ಲಿ ಮೂಲನಿವಾಸಿಗಳೇ ಆಡಳಿತ ನಡೆಸಿದ ಮೊದಲ ವೈದ್ಯಶಾಲೆ ಇದು.

ಇದನ್ನು ಕಟ್ಟಿದವರಲ್ಲಿ ಶರ್ಲಿ ಸ್ಮಿತ್ ಎಂಬಾಕೆಯ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ವಿರಾಡ್ಜುರಿ ಜನಾಂಗದ ಈಕೆ ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಂಡು ಮಾತಾಡಿಸಿ ಬರುತ್ತಿದ್ದರು. ‘ನೀನು ಇವನಿಗೆ ಏನಾಗಬೇಕು?’ ಎಂದು ಅಧಿಕಾರಿಗಳು ಕೇಳಿದರೆ ‘ನಾನು ಇವನ ತಾಯಿ’ ಎನ್ನುವುದೇ ಆಕೆಯ ಉತ್ತರ. ಹೀಗೆ ಎಲ್ಲರ ಬಾಯಲ್ಲಿ ‘ಮಮ್ ಶರ್ಲ್’, ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಶರ್ಲಿಯಮ್ಮ’, ಆದರು. ಗೋರ್ಡನ್ ಬ್ರಿಸ್ಕೋ, ಗ್ಯಾರಿ ಫೋಲೆ, ದಾದಿ ಡಲ್ಸೀ ಫ್ಲವರ್ ಮೊದಲಾದವರು ಜೊತೆಗೂಡಿದರು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ನೇತ್ರವೈದ್ಯ ಫ್ರೆಡ್ ಹಾಲೋಸ್ ಹೆಗಲು ಕೊಟ್ಟರು. ಮುಂದೆ 1976ರಿಂದ 78ರವರೆಗೆ, ಕಣ್ಣನ್ನೇ ಕಳೆಯುವ ಟ್ರಕೋಮಾ ಎಂಬ ಅಂಟುರೋಗವನ್ನು ಹುಡುಕುತ್ತ ಹಳ್ಳಿಹಳ್ಳಿಗೂ ಹೋಗಿ ಒಂದು ಲಕ್ಷಕ್ಕೂ ಮೀರಿ ಜನರ ಕಣ್ಣುಗಳನ್ನು ಪರೀಕ್ಷಿಸಿದ ತಂಡದ ನಾಯಕರು ಇವರೇ.

ರೆಡ್‌ಫರ್ನಿನ ದೀಪದಿಂದ ಬೇರೆ ದೀಪಗಳು ಹೊತ್ತಿಕೊಂಡವು. 1973ರಲ್ಲಿ ಮೆಲ್ಬರ್ನಿನ ಫಿಟ್ಜ್‌ರಾಯ್‌ನಲ್ಲಿ ಒಂದು. ಅದೇ ವರ್ಷ ಮರುಭೂಮಿಯ ನಡುವಣ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ‘ಕಾಂಗ್ರೆಸ್’ ಎಂಬ ಸಂಸ್ಥೆ. ಇಂದು ಇಂಥ ಸಂಸ್ಥೆಗಳು ಸುಮಾರು 145 ಇವೆ. 1992ರಲ್ಲಿ ರೂಪುಗೊಂಡ ರಾಷ್ಟ್ರೀಯ ಒಕ್ಕೂಟವೊಂದು ಇವೆಲ್ಲವುಗಳ ಪರವಾಗಿ ಮಾತನಾಡುತ್ತದೆ.

ಇವುಗಳ ವಿಶೇಷವೇನು?

ಊರಿನ ಮೂಲನಿವಾಸಿಗಳೇ ಸದಸ್ಯರು. ಅವರು ಆರಿಸಿದ ಮಂಡಳಿಯೇ ಯಜಮಾನ. ವೈದ್ಯರು ಯಾವ ಜನಾಂಗದವರಾದರೂ ಆಗಬಹುದು, ಆದರೆ ಅವರನ್ನು ನೇಮಿಸುವವರು ಊರಿನವರು. ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಯನ್ನು ಬಲ್ಲ ವಾಚಕರಿಗೆ ಈ ಏರ್ಪಾಡು ಸುಲಭವಾಗಿ ಅರ್ಥವಾದೀತು. ಒಳಗೆ ಬಂದವರಿಗೆ ಗುರುತಿನ ಮುಖ, ಗುರುತಿನ ಮಾತು. ಮೂಲನಿವಾಸಿ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸುತ್ತಾರೆ. ರೋಗಿಯನ್ನು ಕರೆತರಲು ವಾಹನ ಕಳುಹಿಸುತ್ತಾರೆ. ಬಸುರಿ ಬಾಣಂತಿಯರ ಆರೈಕೆ, ಹಲ್ಲು, ಕಣ್ಣು, ಸಕ್ಕರೆ ಕಾಯಿಲೆ, ಕುಡಿತದ ಚಟ ಎಲ್ಲವನ್ನೂ ಒಂದೇ ಸೂರಿನಡಿ ನೋಡಿಕೊಳ್ಳಲು ಯತ್ನಿಸುತ್ತಾರೆ. ಆರೋಗ್ಯವೆಂದರೆ ಒಬ್ಬನ ಶರೀರಸ್ಥಿತಿ ಮಾತ್ರವಲ್ಲ, ಇಡೀ ಸಮುದಾಯದ ಮನಸ್ಸು, ಸಂಸ್ಕೃತಿ, ಬಾಳುವೆಗಳ ನೆಮ್ಮದಿ ಎಂದು 1989ರ ರಾಷ್ಟ್ರೀಯ ಆರೋಗ್ಯ ಯೋಜನೆಯಲ್ಲಿ ಇವರು ಬರೆಸಿದರು.

ಹಣದ ಮಾತು

ಇನ್ನು ಹಣದ ವಿಷಯ. ದಾನದಿಂದ ಒಂದು ದೀಪ ಹಚ್ಚಬಹುದು. ವರ್ಷವಿಡೀ ಎಣ್ಣೆ ಹೊಯ್ಯಲಾಗದು. 1972ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ವಿಟ್ಲಂ ಸರಕಾರ ಮೂಲನಿವಾಸಿ ವ್ಯವಹಾರಗಳಿಗೆ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಅಲ್ಲಿಂದೀಚೆಗೆ ಕೇಂದ್ರದ ಅನುದಾನ ಈ ಸಂಸ್ಥೆಗಳಿಗೆ ಬರತೊಡಗಿತು. 1990ರಲ್ಲಿ ಆ ಜವಾಬ್ದಾರಿ ಮೂಲನಿವಾಸಿಗಳ ಚುನಾಯಿತ ಆಯೋಗಕ್ಕೆ ಹೋಯಿತು. ಆಯೋಗದ ಕೈಯಲ್ಲಿದ್ದ ಹಣ ಆರೋಗ್ಯಕ್ಕೆ ಸಾಲದೆಂಬ ಕೂಗೆದ್ದು, ಒಕ್ಕೂಟದವರ ಒತ್ತಾಯದಿಂದಲೇ 1995ರಲ್ಲಿ ಅದು ಕೇಂದ್ರ ಆರೋಗ್ಯ ಇಲಾಖೆಗೆ ಬಂದಿತು. 2014ರಲ್ಲಿ ಹಿಂದಿನ ಹಲವು ಬಾಬುಗಳನ್ನು ಕೂಡಿಸಿ ಒಂದೇ ಕಾರ್ಯಕ್ರಮವನ್ನಾಗಿ ಮಾಡಿದರು. ಇದಲ್ಲದೆ ‘ಮೆಡಿಕೇರ್’ ಎಂಬ ಸಾರ್ವಜನಿಕ ವಿಮೆಯೂ ಇದೆ. ಸರಕಾರದ ಅನುದಾನದಿಂದ ನಡೆಯುವ ಸೇವೆಗೆ ಮತ್ತೆ ಮೆಡಿಕೇರ್ ಹಣ ಕೇಳುವಂತಿಲ್ಲವೆಂಬುದು ಸಾಮಾನ್ಯ ನಿಯಮ. ಈ ವೈದ್ಯಶಾಲೆಗಳಿಗೆ ಮಾತ್ರ ಸಚಿವರ ವಿಶೇಷ ಆದೇಶದಿಂದ ವಿನಾಯಿತಿ ದೊರೆತಿದೆ. ಹೀಗೆ ಗಳಿಸಿದುದನ್ನು ಸಂಸ್ಥೆ ತನಗೆ ಬೇಕಾದ ಕಡೆ ಖರ್ಚು ಮಾಡಬಹುದಾದ್ದರಿಂದ ಆ ಹಣಕ್ಕೆ ಬೆಲೆ ಹೆಚ್ಚು.

ಹಾಗಾದರೆ ದೂರೇನು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಅಲ್ಲಿಯೂ ನಿಜ. ಹಣ ಒಂದೇ ಗಂಟಿನಲ್ಲಿ ಬರುವುದಿಲ್ಲ. ಸಕ್ಕರೆ ಕಾಯಿಲೆಗೆಂದು ಒಂದು, ಶಿಶುಪೋಷಣೆಗೆಂದು ಇನ್ನೊಂದು, ಮದ್ಯಪಾನ ನಿವಾರಣೆಗೆಂದು ಮತ್ತೊಂದು. ಒಂದು ಕೇಂದ್ರದ್ದು, ಒಂದು ಪ್ರಾಂತದ್ದು. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಲೆಕ್ಕ, ಬೇರೆ ವರದಿ, ಬೇರೆ ಗಡುವು. ಹಲವು ಅನುದಾನಗಳ ಆಯುಷ್ಯ ಒಂದೆರಡು ವರ್ಷ. ಮುಂದಿನ ವರ್ಷ ಹಣ ಬರುವುದೋ ಇಲ್ಲವೋ ತಿಳಿಯದ ಮೇಲೆ ಒಳ್ಳೆಯ ದಾದಿಯನ್ನು ಮರುಭೂಮಿಯ ಊರಿನಲ್ಲಿ ಉಳಿಸಿಕೊಳ್ಳುವುದು ಹೇಗೆ? 2009ರಲ್ಲಿ ಜುಡಿತ್ ಡ್ವಾಯರ್ ಮತ್ತು ಸಂಗಡಿಗರು ಈ ಸ್ಥಿತಿಯನ್ನು ಪರಿಶೀಲಿಸಿ ವರದಿ ಬರೆದರು. ‘ಮಿತಿಮೀರಿದ ಹೊರೆ’ ಎಂಬುದೇ ಅದರ ಹೆಸರಿನ ಅರ್ಥ. ಚೂರುಚೂರಾದ ಒಪ್ಪಂದಗಳ ಬದಲು, ಮೂಲಸೇವೆಗೆ ದೀರ್ಘಕಾಲದ ಒಂದೇ ಒಪ್ಪಂದವಿರಲಿ ಎಂಬುದು ಅವರ ಸಲಹೆಯ ತಿರುಳು.

ಮೊತ್ತದ ಪ್ರಶ್ನೆಯೂ ಉಂಟು. ಅಲ್ಲಿಯ ಸರಕಾರಿ ಅಂಕಿಅಂಶ ಸಂಸ್ಥೆಯ ಪ್ರಕಾರ 2018ರಲ್ಲಿ ಮೂಲನಿವಾಸಿಗಳ ಮೇಲಿನ ರೋಗಭಾರ ಇತರರದಕ್ಕಿಂತ 2.3 ಪಟ್ಟು. ಆದರೆ 2015–16ರ ಲೆಕ್ಕದಲ್ಲಿ, ಇತರರ ತಲೆಗೆ 1 ಡಾಲರು ಆರೋಗ್ಯವೆಚ್ಚವಾದರೆ ಮೂಲನಿವಾಸಿಯ ತಲೆಗೆ ಆದುದು ಸುಮಾರು 1.3 ಡಾಲರು. ‘ಅವರಿಗೇ ಹೆಚ್ಚು ಕೊಡುತ್ತಿದ್ದಾರಲ್ಲ’ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಇಮ್ಮಡಿಗೂ ಮಿಕ್ಕ ರೋಗಕ್ಕೆ, ಅದೂ ದೂರದ ಮರಳುಗಾಡಿನ ದುಬಾರಿ ಹಾದಿಯಲ್ಲಿ, ಕಾಲುಭಾಗಕ್ಕಿಂತ ತುಸು ಹೆಚ್ಚಿನ ಹಣ ಎಲ್ಲಿಗೆ ಸಾಕು?

ಚಿತ್ರ ಬರೆದು ಕಟ್ಟಿದ ಸೇವೆ

ಸರಕಾರ ತಡಮಾಡಿದಾಗ ಜನ ಏನು ಮಾಡಿದರೆಂಬುದಕ್ಕೆ ಕಿಂಟೋರ್ ಎಂಬ ಹಳ್ಳಿಯ ಕಥೆ ಸಾಕ್ಷಿ. ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ 500 ಕಿಲೋಮೀಟರಿಗೂ ದೂರದಲ್ಲಿರುವ ಈ ಊರಿನ ಪಿಂಟುಪಿ ಜನರಲ್ಲಿ ಮೂತ್ರಪಿಂಡದ ರೋಗ ಹೆಚ್ಚು. ಯಂತ್ರದಿಂದ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಚಿಕಿತ್ಸೆ ವಾರಕ್ಕೆ ಮೂರು ಸಲ ಬೇಕು, ಯಂತ್ರವಿದ್ದುದು ಪಟ್ಟಣದಲ್ಲಿ. ಹೀಗಾಗಿ ಹಿರಿಯರು ಮನೆ, ಮೊಮ್ಮಕ್ಕಳು, ತಮ್ಮ ನೆಲ ಎಲ್ಲವನ್ನೂ ಬಿಟ್ಟು ಪಟ್ಟಣದಲ್ಲಿ ಒಬ್ಬಂಟಿಗರಾಗಿ ಕೊರಗಿ ಸಾಯುತ್ತಿದ್ದರು. ಅವರೊಡನೆ ಹಾಡು, ಕಥೆ, ಆಚಾರಗಳೂ ಮಣ್ಣುಗೂಡುತ್ತಿದ್ದವು.

ಆ ಜನರ ಕೈಯಲ್ಲಿ ಹಣವಿರಲಿಲ್ಲ, ಕುಂಚವಿತ್ತು. ಗಂಡಸರೂ ಹೆಂಗಸರೂ ಕೂಡಿ ಕುಳಿತು ದೊಡ್ಡ ಚಿತ್ರಗಳನ್ನು ಬರೆದರು. 2000ದ ನವೆಂಬರಿನಲ್ಲಿ ಸಿಡ್ನಿಯ ಕಲಾಮಂದಿರದಲ್ಲಿ ಅವುಗಳ ಹರಾಜು ನಡೆದು ಹತ್ತು ಲಕ್ಷ ಡಾಲರಿಗೂ ಮೀರಿ ಹಣ ಕೂಡಿತು. ಆ ಮೂಲಧನದಿಂದ ತಮ್ಮದೇ ಸಂಸ್ಥೆ ಕಟ್ಟಿ 2004ರಲ್ಲಿ ಕಿಂಟೋರಿನಲ್ಲಿಯೇ ಡಯಾಲಿಸಿಸ್ ಆರಂಭಿಸಿದರು. ‘ನಮ್ಮ ಸಂಸಾರಗಳನ್ನೆಲ್ಲ ಸ್ವಸ್ಥಗೊಳಿಸುವುದು’ ಎಂದು ಅರ್ಥ ಬರುವ ಉದ್ದನೆಯ ಹೆಸರು ಅದಕ್ಕೆ; ಆಲಿಸ್ ಸ್ಪ್ರಿಂಗ್ಸ್‌ನಲ್ಲಿರುವ ಅದರ ಕಟ್ಟಡದ ಬಣ್ಣದಿಂದ ‘ನೇರಳೆ ಮನೆ’ ಎಂದೇ ಪ್ರಸಿದ್ಧಿ. ಯಂತ್ರಗಳನ್ನು ಹೊತ್ತು ದೂರದ ಊರುಗಳಿಗೆ ಹೋಗುವ ನೇರಳೆ ಬಣ್ಣದ ಲಾರಿಯೂ ಬಂದಿತು. ಅತಿ ದೂರದ ಪ್ರದೇಶಗಳ ಡಯಾಲಿಸಿಸ್‌ಗೆ ಮೆಡಿಕೇರ್ ಹಣ ಕೊಡಲು ಸರಕಾರ ಏರ್ಪಾಡು ಮಾಡಿದುದು 2018ರಲ್ಲಿ. ಚಿತ್ರಗಳ ಹರಾಜಿಗೂ ಸರಕಾರದ ಈ ಏರ್ಪಾಡಿಗೂ ನಡುವೆ ಹದಿನೆಂಟು ವರ್ಷ! ಅಷ್ಟರಲ್ಲಿ ಎಷ್ಟು ಅಜ್ಜಿಯರು ಊರು ಕಾಣದೆ ಕಣ್ಣು ಮುಚ್ಚಿದರೋ.

ಲೆಕ್ಕವೂ ನಂಬಿಕೆಯೂ

ಸಾರ್ವಜನಿಕರ ಹಣಕ್ಕೆ ಲೆಕ್ಕ ಕೇಳುವುದು ತಪ್ಪೇ ಎಂದು ಕೆಲವರು ಕೇಳಬಹುದು. ಖಂಡಿತ ತಪ್ಪಲ್ಲ. ಕೆಲವು ಸಂಸ್ಥೆಗಳ ಆಡಳಿತ ಕೆಟ್ಟು ಹೊರಗಿನ ಆಡಳಿತಾಧಿಕಾರಿಯನ್ನು ನೇಮಿಸಬೇಕಾಗಿ ಬಂದುದೂ ಉಂಟು. ಆದರೆ ಲೆಕ್ಕ ಕೇಳುವುದು ಬೇರೆ, ಹೆಜ್ಜೆಹೆಜ್ಜೆಗೂ ಕೈ ಹಿಡಿದು ತಡೆಯುವುದು ಬೇರೆ. ಹಂಗಿನ ಊಟ ಮೈಗೆ ಹತ್ತುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನಲ್ಲ. ತಮ್ಮಿಂದ ಕಸಿದ ನೆಲದ ಸಂಪತ್ತಿನಲ್ಲಿ ಒಂದು ಪಾಲನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂಬುದು ಆ ಜನರ ವಾದ.

2020ರಲ್ಲಿ ಕೊರೋನಾ ಜಾಡ್ಯ ಹರಡಿದಾಗ ಈ ಸಂಸ್ಥೆಗಳ ಬೆಲೆ ಎಲ್ಲರಿಗೂ ತಿಳಿಯಿತು. ಸರಕಾರದ ಸೂಚನೆಗೆ ಕಾಯದೆ ತಮ್ಮ ಭಾಷೆಗಳಲ್ಲಿ ತಿಳಿವಳಿಕೆ ಕೊಟ್ಟು, ಹಳ್ಳಿಗಳ ದಾರಿಗಳನ್ನು ಮುಚ್ಚಿಸಲು ಒತ್ತಾಯಿಸಿ, ಮೊದಲ ವರ್ಷ ಸೋಂಕು ತಮ್ಮವರೊಳಗೆ ಹಬ್ಬದಂತೆ ನೋಡಿಕೊಂಡರು. ಅದೇ ವರ್ಷದ ಜುಲೈಯಲ್ಲಿ ಸರಕಾರಗಳಿಗೂ ಮೂಲನಿವಾಸಿ ಸಂಸ್ಥೆಗಳ ಕೂಟಕ್ಕೂ ರಾಷ್ಟ್ರೀಯ ಒಡಂಬಡಿಕೆಯಾಯಿತು. ಸಮುದಾಯದ ಕೈಯಲ್ಲಿರುವ ಸಂಸ್ಥೆಗಳನ್ನು ಬಲಪಡಿಸುವುದು ಅದರ ನಾಲ್ಕು ಮುಖ್ಯ ಸುಧಾರಣೆಗಳಲ್ಲಿ ಒಂದು. ಆದರೆ ಸರಕಾರಗಳು ತಮ್ಮ ಹಳೆಯ ರೀತಿಯನ್ನು ಸಾಕಷ್ಟು ಬದಲಿಸಿಕೊಂಡಿಲ್ಲವೆಂದು ಅಲ್ಲಿಯ ಉತ್ಪಾದಕತಾ ಆಯೋಗವೇ 2024ರಲ್ಲಿ ಬರೆಯಿತು.

2020–22ರ ಲೆಕ್ಕದಂತೆ ಮೂಲನಿವಾಸಿ ಗಂಡುಮಗುವಿನ ನಿರೀಕ್ಷಿತ ಆಯುಷ್ಯ 71.9 ವರ್ಷ, ಹೆಣ್ಣುಮಗುವಿನದು 75.6. ಅದೇ ದೇಶದ ಇತರ ಮಕ್ಕಳಿಗಿಂತ ಗಂಡಿಗೆ 8.8, ಹೆಣ್ಣಿಗೆ 8.1 ವರ್ಷ ಕಡಿಮೆ. ಎಂಟು ವರ್ಷವೆಂದರೆ ಮೊಮ್ಮಗಳನ್ನು ಶಾಲೆಗೆ ಕರೆದೊಯ್ಯುವ ಕಾಲ, ಅವಳಿಗೆ ಕಥೆ ಹೇಳುವ ಕಾಲ. ಆ ಎಂಟು ವರ್ಷಗಳನ್ನು ಮರಳಿ ಪಡೆಯುವುದೇ ಈ ಹೋರಾಟದ ಗುರಿ.

ಆಸ್ಟ್ರೇಲಿಯಾದಲ್ಲಿರುವ ನಮ್ಮ ಮಕ್ಕಳು ಆ ದೇಶಕ್ಕೆ ತೆರಿಗೆ ಕೊಡುತ್ತಾರೆ. ಕೆಲವರು ಅಲ್ಲಿ ಮತದಾರರೂ ಆಗಿದ್ದಾರೆ, ವೈದ್ಯರೂ ದಾದಿಯರೂ ಆಗಿದ್ದಾರೆ. ಈ ಹಣ ಹೇಗೆ ಹಂಚಿಕೆಯಾಗಬೇಕೆಂಬ ಮಾತಿನಲ್ಲಿ ಅವರಿಗೂ ಪಾಲುಂಟು. ಮುಂದಿನ ಸಲ ಅವರೊಡನೆ ಮಾತನಾಡುವಾಗ, ಹವೆಯನ್ನೂ ಅಡಿಗೆಯನ್ನೂ ವಿಚಾರಿಸಿಯಾದ ಮೇಲೆ, ನೀವಿರುವ ನೆಲ ಯಾವ ಜನರದು, ಅವರ ವೈದ್ಯಶಾಲೆ ಹೇಗೆ ನಡೆಯುತ್ತಿದೆ ಎಂದು ಒಂದು ಮಾತು ಕೇಳೋಣ.