ರದ್ದಿ ಕಾಗದದಿಂದ ರಂಗಪರಿಕರ

ಮಹಾರಾಷ್ಟ್ರೀಯ ಕಲೋಪಾಸಕ ಸಂಸ್ಥೆಯು 1963ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದಿರುವ ‘ಪುರುಷೋತ್ತಮ ಕರಂಡಕ’ವು ಕಾಲೇಜು ವಿದ್ಯಾರ್ಥಿಗಳ ಏಕಾಂಕ ನಾಟಕ ಸ್ಪರ್ಧೆಯಾಗಿದ್ದು, ಸದಾಶಿವ ಪೇಟೆಯ ಭರತ ನಾಟ್ಯ ಮಂದಿರದಲ್ಲಿ ಮಳೆಗಾಲದ ಹೊತ್ತಿಗೆ ಅದರ ಪ್ರಾಥಮಿಕ ಸುತ್ತು ನಡೆಯುತ್ತದೆ. ಬರವಣಿಗೆ, ನಿರ್ದೇಶನ, ಅಭಿನಯಗಳಿಗೇ ಇಲ್ಲಿ ಪ್ರಾಧಾನ್ಯವಿದ್ದು ಆಡಂಬರದ ರಂಗಸಜ್ಜಿಕೆಗೆ ಬೆಲೆಯಿಲ್ಲದಿರುವುದರಿಂದ, ಕೈಯಲ್ಲಿ ಕಾಸಿಲ್ಲದ ತಂಡವೂ ಅನುಕೂಲಸ್ಥ ತಂಡಕ್ಕೆ ಸರಿಸಮನಾಗಿ ನಿಲ್ಲಬಲ್ಲದು. ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತವಾಲ’ ನಾಟಕವು ಜಬ್ಬಾರ್ ಪಟೇಲರ ನಿರ್ದೇಶನದಲ್ಲಿ 1972ರ ಡಿಸೆಂಬರ್ 16ರಂದು ಇದೇ ಊರಿನಲ್ಲಿ ಮೊದಲು ರಂಗಕ್ಕೆ ಬಂದಾಗ, ಸಾಲಾಗಿ ನಿಂತ ಬ್ರಾಹ್ಮಣ ಪಾತ್ರಧಾರಿಗಳೇ ಗೋಡೆಯೂ ಪರದೆಯೂ ಆಗಿ, ಪೇಶ್ವೆಯರ ಕಾಲದ ಪುಣೆಯನ್ನು ಕಟ್ಟಿ ತೋರಿಸಿದ್ದರು. ರಂಗದ ಮೇಲೆ ಏನು ಬೇಡ ಎಂಬುದನ್ನು ಮೊದಲು ನಿರ್ಧರಿಸುವುದೇ ಅತ್ಯಂತ ದೊಡ್ಡ ಮಿತವ್ಯಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಹಾಗೆಂದು ಎಲ್ಲವನ್ನೂ ನಟರ ದೇಹದಿಂದಲೇ ಸೂಚಿಸಲಾಗುವುದಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ಕ್ಕೆ ಕುದುರೆಯ ತಲೆ ಬೇಕೇ ಬೇಕು, ಅದಕ್ಕೆ ಹಳೆಯ ದಿನಪತ್ರಿಕೆ, ಮೈದಾಹಿಟ್ಟು, ಗೋಣಿನಾರುಗಳಿದ್ದರೆ ಸಾಕು. ಜೇಡಿಮಣ್ಣಿನಲ್ಲಿ ಅಚ್ಚು ಮಾಡಿಕೊಂಡು, ಅದರ ಮೇಲೆ ಮೊದಲು ಬರಿಯ ನೀರಿನಲ್ಲಿ ನೆನೆಸಿದ ಕಾಗದವನ್ನು ಹೊದಿಸಬೇಕು. ಹಾಗೆ ಮಾಡಿದರೆ ಕೊನೆಯಲ್ಲಿ ಮುಖವಾಡವು ಅಚ್ಚಿಗೆ ಅಂಟಿಕೊಳ್ಳದೆ ಕಳಚಿ ಬರುತ್ತದೆ. ಆಮೇಲಿನ ಪದರಗಳನ್ನು ಮೈದಾ ಗಂಜಿಯಿಂದ ಅಂಟಿಸುತ್ತ ಹೋಗಬೇಕು. ಕಾಗದವನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಹರಿಯಬೇಕು, ಏಕೆಂದರೆ ಹರಿದ ಅಂಚಿನ ನಾರುಗಳು ಒಂದರೊಳಗೊಂದು ಬೆರೆತು ಕೂಡುಗೆರೆ ಕಾಣದಂತಾಗುತ್ತದೆ. ಒಂದು ಪದರ ದಿನಪತ್ರಿಕೆಯದಾದರೆ ಮುಂದಿನದು ಕಂದು ಕಾಗದದ್ದಾಗಿದ್ದಲ್ಲಿ ಎಲ್ಲಿ ತೆಳುವಾಗಿದೆ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಐದಾರು ಪದರಗಳಿಗೆ ಮುಖವಾಡ ಗಟ್ಟಿಯಾಗುತ್ತದೆಯಾದರೂ, ಪುಣೆಯ ಆಗಸ್ಟ್ ತಿಂಗಳ ಥಂಡಿಯಲ್ಲಿ ಒಳಪದರ ಒಣಗುವ ಮೊದಲೇ ಮೇಲಿನದನ್ನು ಅಂಟಿಸಿದರೆ ಬೂಸ್ಟು ಹಿಡಿಯುವುದು ಖಂಡಿತ. ಮುಖವಾಡವನ್ನು ಮೇಲ್ತುಟಿಯ ಮೇಲಕ್ಕೇ ನಿಲ್ಲಿಸುವುದು ಉತ್ತಮ. ಕುದುರೆ ಎಷ್ಟೇ ಚೆಂದವಾಗಿದ್ದರೂ ನಟನ ಮಾತು ಹಿಂದಿನ ಸಾಲಿಗೆ ಕೇಳದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಆಭರಣ, ಕವಚಗಳಿಗೆ ರಟ್ಟಿನ ಪೆಟ್ಟಿಗೆಗಳು ಸಾಕು. ಅಂಟಿನಲ್ಲಿ ಅದ್ದಿದ ಹುರಿಯಿಂದ ರಟ್ಟಿನ ಮೇಲೆ ಬಳ್ಳಿ, ಹೂವುಗಳನ್ನು ಬಿಡಿಸಿ, ಇಡೀ ತುಂಡಿಗೆ ಕಪ್ಪು ಬಳಿದು, ಬಹುಪಾಲು ಒಣಗಿದ ಕುಂಚದಿಂದ ಉಬ್ಬುಗಳಿಗೆ ಮಾತ್ರ ಹೊಂಬಣ್ಣ ಸವರಿದರೆ, ಹತ್ತಡಿ ದೂರದಿಂದ ಅದು ಕೆತ್ತಿದ ಲೋಹದಂತೆಯೇ ಕಾಣುತ್ತದೆ. ಇದಕ್ಕೆ ಬದಲಾಗಿ ಅಂಗಡಿಯ ಹೊಳೆಯುವ ಜರಿಕಾಗದವನ್ನು ಸುತ್ತಿದರೆ ದೀಪದ ಬೆಳಕು ಅದರಿಂದ ಚಿಮ್ಮಿ ನಟನ ಮುಖವನ್ನೇ ಮಂಕಾಗಿಸುತ್ತದೆ. ಹವ್ಯಾಸಿ ತಂಡಗಳಲ್ಲಿ ಬಹಳವಾಗಿ ಕಾಣುವ ದೋಷವಿದು. ಅಚ್ಚ ಬಿಳಿಯ ಪಂಚೆಯದೂ ಇದೇ ಕಥೆಯಾದ್ದರಿಂದ, ಅದನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಬಣ್ಣ ಇಳಿಸಿಕೊಳ್ಳುವ ರೂಢಿಯಿದೆ. ಹಳೆಯ ಸೀರೆಯ ಒಡಲು ಸವೆದಿದ್ದರೂ ಅಂಚು ಗಟ್ಟಿಯಾಗಿರುವುದುಂಟು. ಅದನ್ನು ಬಿಚ್ಚಿ ಸಾದಾ ಪರದೆಬಟ್ಟೆಗೆ ಹೊಲಿದರೆ ರಾಜನ ಉತ್ತರೀಯವಾಗುತ್ತದೆ. ಕೆಂಪು ಬಟ್ಟೆ ನೀಲಿ ಬೆಳಕಿನಲ್ಲಿ ಕಪ್ಪಾಗಿ ಕಾಣುವುದರಿಂದ, ಬಟ್ಟೆಯನ್ನು ಹಗಲಿನಲ್ಲಿ ಆರಿಸಿದರೂ ರಂಗದೀಪದಡಿ ಒಮ್ಮೆ ನೋಡಿಯೇ ಒಪ್ಪಿಕೊಳ್ಳಬೇಕು.

ಈ ಸಾಮಗ್ರಿಗೆ ಪುಣೆಯಲ್ಲಿ ಬರವಿಲ್ಲ. ಜುನಾ ಬಜಾರ್ ಎಂಬ ಹಳೆಯ ಸಾಮಾನುಗಳ ಸಂತೆಯೂ ಗಲ್ಲಿಗಲ್ಲಿಯ ರದ್ದಿ ಅಂಗಡಿಗಳೂ ಇವೆ. ರದ್ದಿಯನ್ನು ಮನೆಮನೆಯಿಂದ ಬೇರ್ಪಡಿಸಿ ತರುವವರು ಚಿಂದಿ ಆಯುವ ಶ್ರಮಿಕರು; 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆಯನ್ನು ಕಟ್ಟಿಕೊಂಡ ಇವರ ದುಡಿಮೆಯನ್ನು ರಂಗಕರ್ಮಿಗಳು ಗೌರವದಿಂದ ನೆನೆಯಬೇಕಾಗಿದೆ. ಥರ್ಮೊಕೋಲಿನ ವಿಷಯ ಬೇರೆ: 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ಮತ್ತು ಥರ್ಮೊಕೋಲ್ ನಿಷೇಧವು ಅಲಂಕಾರದ ಬಳಕೆಗೂ ಅನ್ವಯಿಸಿದ್ದರಿಂದ, ಕಂಬ, ಕಮಾನುಗಳಿಗೆ ರಟ್ಟು ಮತ್ತು ಬಿದಿರನ್ನು ಆಶ್ರಯಿಸುವುದೇ ಸರಿಯಾದ ದಾರಿ.

ಆದರೆ ರಟ್ಟು, ಕಾಗದ, ಹತ್ತಿಬಟ್ಟೆ ಮೂರೂ ಬೇಗನೆ ಹೊತ್ತಿಕೊಳ್ಳುವ ವಸ್ತುಗಳಾಗಿದ್ದು, ಬಿಸಿಯಾದ ರಂಗದೀಪಗಳಿಂದ ಅವನ್ನು ದೂರವಿಡಲೇಬೇಕು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲಗಳನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಒಣಗಿಸಿದರೆ ಬೆಂಕಿ ಹರಡುವ ವೇಗ ತಗ್ಗುತ್ತದೆ. ಒಂದು ಚಿಂದಿಯನ್ನು ಹೊರಗೆ ಬಯಲಿನಲ್ಲಿ ಸುಟ್ಟು ನೋಡಿಯೇ ನಂಬಬೇಕು. ಒಗೆದಾಗ ಈ ಲವಣಗಳು ನೀರಿನೊಡನೆ ಹೊರಟುಹೋಗುವುದರಿಂದ, ಅಂತಿಮ ಸುತ್ತಿಗೆ ಆಯ್ಕೆಯಾದ ತಂಡವು ಒಗೆದ ಉಡುಪುಗಳನ್ನು ಮತ್ತೊಮ್ಮೆ ಅದ್ದಿ ಒಣಗಿಸಿದ ಮೇಲೆಯೇ ರಂಗಕ್ಕೆ ತರಬೇಕು.